ಗೇಟಿಲ್ಲದ ಹೊಳೆ: ಕೊಪ್ಪಳದಿಂದ ಉಂಚಳ್ಳಿ, ಕತ್ತಲೆಕಾನಿಗೆ ಮೂರು ದಿನ

ಮುನಿರಾಬಾದಿನ ತುಂಗಭದ್ರಾ ಡ್ಯಾಮಿಗೆ 33 ಗೇಟು. ಅದರಲ್ಲಿ ಎಷ್ಟು ಎತ್ತಿದ್ದಾರೆ, ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎನ್ನುವುದರ ಮೇಲೆ ನಮ್ಮ ಕಡೆ ಹೊಳೆ ಇದೆಯೋ ಇಲ್ಲವೋ ಎಂದು ತೀರ್ಮಾನವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿಯ ಗದ್ದೆಯವರೆಲ್ಲ ಎರಡನೇ ಬೆಳೆಯ ಚಿಂತೆಗೆ ಬಿದ್ದದ್ದು ಅದಕ್ಕೇ. ಈ ಪ್ರವಾಸ ಗೇಟೇ ಇಲ್ಲದ ಹೊಳೆಯ ಕಡೆಗೆ. ಸಿರ್ಸಿ ಸೀಮೆಯಲ್ಲಿ ಹುಟ್ಟಿ, ಕುಮಟಾ ತಾಲೂಕಿನ ತದಡಿಯ ಹತ್ತಿರ ಸಮುದ್ರ ಸೇರುವ ಅಘನಾಶಿನಿಗೆ ನಡುವೆ ದೊಡ್ಡ ಅಣೆಕಟ್ಟಿಲ್ಲ. ಆ ಹೊಳೆ ಘಟ್ಟದ ಅಂಚಿನಿಂದ 116 ಮೀಟರ್ ಕೆಳಗೆ ಬೀಳುವ ಜಾಗ ಉಂಚಳ್ಳಿ. ಮಳೆ ನಿಂತು ಎರಡು ತಿಂಗಳಾದರೂ ಅಲ್ಲಿ ನೀರು ಎಲ್ಲಿಂದ ಬರುತ್ತದೆ ಎನ್ನುವುದು ಜಲಪಾತದ ಮುಂದೆ ಎಷ್ಟು ಹೊತ್ತು ನಿಂತರೂ ತಿಳಿಯುವುದಿಲ್ಲ. ಕತ್ತಲೆಕಾನು ಎಂಬ ಕಾಡಿನ ಮರಗಳ ಬುಡ ನೋಡಿದರೆ ತಿಳಿಯುತ್ತದೆ. ಹಾಗಾಗಿ ಇದರಲ್ಲಿ ಅರ್ಧ ನೀರು, ಅರ್ಧ ಮರ.

ಹೊರಡುವ ಮುಂಚೆ

ಕಾಲದ ಮಾತು ಮೊದಲು. ಜಲಪಾತ ಅಂದಕೂಡಲೇ ಜುಲೈ, ಆಗಸ್ಟಿನಲ್ಲಿ ಗಾಡಿ ಬಿಡುವುದು ರೂಢಿ. ಉಂಚಳ್ಳಿಯ ಮಟ್ಟಿಗೆ ಅದು ದಂಡ. ಆ ತಿಂಗಳುಗಳಲ್ಲಿ ಕಣಿವೆ ಪೂರ್ತಿ ಮೋಡ ತುಂಬಿಕೊಂಡಿರುತ್ತದೆ. ಕಟಾಂಜನ ಹಿಡಿದು ನಿಂತರೆ ಬಿಳಿ ಮಂಜು, ಕಿವಿ ಒಡೆಯುವ ಸದ್ದು, ಅಷ್ಟೇ. ಆ ಸದ್ದಿನಿಂದಲೇ ಇದಕ್ಕೆ ಕೆಪ್ಪ ಜೋಗ ಎಂಬ ಇನ್ನೊಂದು ಹೆಸರು. ಮಾರ್ಚ್ ನಂತರ ಹೋದರೆ ಬಂಡೆಯೇ ಹೆಚ್ಚು, ನೀರು ತೆಳು. ನಮ್ಮ ಬಯಲುಸೀಮೆಯಿಂದ ಹೋಗುವವರಿಗೆ ನವೆಂಬರ್ ಮೂರನೇ ವಾರದಿಂದ ಡಿಸೆಂಬರ್ ಅರ್ಧದವರೆಗೆ ಸರಿಯಾದ ಹೊತ್ತು. ಆಗ ಆಕಾಶ ತಿಳಿಯಾಗಿರುತ್ತದೆ, ಹೊಳೆಯಲ್ಲಿ ಇನ್ನೂ ಜೀವ ಇರುತ್ತದೆ, ಮೆಟ್ಟಿಲ ಮೇಲಿನ ಪಾಚಿ ಒಣಗಿರುತ್ತದೆ. ದಾರಿಯಲ್ಲಿ ಮಾಗಡಿ ಕೆರೆಗೆ ಹೆಬ್ಬಾತುಗಳೂ ಬಂದಿಳಿದಿರುತ್ತವೆ. ಒಂದೇ ಕೊರತೆ, ರಕ್ತ ಹೀರುವ ಉಣುಗಿನ ಕಾಲ ಶುರುವಾಗುವುದೂ ಆಗಲೇ. ಅದರ ಮಾತು ಮುಂದೆ ಬರುತ್ತದೆ.

ಶುಕ್ರವಾರ ನಸುಕಿಗೆ ಕೊಪ್ಪಳ ಬಿಟ್ಟರೆ ಶನಿವಾರ ಬೆಳಿಗ್ಗೆ ಉಂಚಳ್ಳಿ, ಭಾನುವಾರ ಸಂಜೆ ಮನೆ. ಶನಿವಾರ ಹೊರಟರೆ ಜಲಪಾತಕ್ಕೆ ಭಾನುವಾರವೇ ಸಿಗುತ್ತದೆ, ಆವತ್ತು ಜನ ಹೆಚ್ಚು. ಬಳ್ಳಾರಿಯವರು ಹೊಸಪೇಟೆ ಮೇಲೆ ಬಂದು ಇದೇ ದಾರಿಗೆ ಸೇರಿಕೊಳ್ಳಬಹುದು, ಬೆಳಿಗ್ಗೆ ಎರಡು ತಾಸು ಮೊದಲು ಏಳಬೇಕು ಅಷ್ಟೇ. ರಾಯಚೂರಿನವರು ಸಿಂಧನೂರು, ಗಂಗಾವತಿ ಮೇಲೆ ಬಂದು ಹಿಂದಿನ ರಾತ್ರಿ ಕೊಪ್ಪಳದಲ್ಲಿ ಮಲಗುವುದು ಒಳ್ಳೆಯದು. ಅಲ್ಲಿಂದ ಒಂದೇ ದಿನದಲ್ಲಿ ಸಿರ್ಸಿ ಮುಟ್ಟುತ್ತೇವೆಂದು ಹೊರಟರೆ ಕೆರೆಯೂ ಇಲ್ಲ, ಸವಣೂರಿನ ಮರವೂ ಇಲ್ಲ, ಬರೀ ರಸ್ತೆ. ಮೂರು ದಿನಕ್ಕೆ ಕೊಪ್ಪಳದಿಂದ ಕೊಪ್ಪಳಕ್ಕೆ ಸುಮಾರು 600 ಕಿಲೋಮೀಟರ್ ಹಿಡಿದು ಡೀಸೆಲ್ ಲೆಕ್ಕ ಹಾಕಿಕೊಳ್ಳಿ.

ಬಸ್ಸಿನವರಿಗೂ ದಾರಿ ಇದೆ. ಕೊಪ್ಪಳದಿಂದ ಹುಬ್ಬಳ್ಳಿಗೆ ರೈಲು, ಹುಬ್ಬಳ್ಳಿಯಿಂದ ಸಿರ್ಸಿಗೆ ವಾಯವ್ಯ ಸಾರಿಗೆ ಬಸ್ಸು. ಸಿರ್ಸಿಯಿಂದ ಮುಂದೆ ಮಾತ್ರ ಬಾಡಿಗೆ ಗಾಡಿಯೇ ಬೇಕು. ಹೆಗ್ಗರಣೆಗೆ ಬಸ್ಸಿನಲ್ಲಿ ಹೋದರೂ ಜಲಪಾತ ಅಲ್ಲಿಂದ ಇನ್ನೂ ಐದು ಕಿಲೋಮೀಟರ್ ಕಾಡುದಾರಿ. ನಡೆದು ಹೋಗಿ ನಡೆದು ಬರುವಷ್ಟರಲ್ಲಿ ಊರಿಗೆ ಮರಳುವ ಬಸ್ಸು ತಪ್ಪುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮವರ ತಪ್ಪು ಯಾವಾಗಲೂ ಒಂದೇ, ಜೀನ್ಸ್. ಕೊಪ್ಪಳದ ಬಿಸಿಲಿಗೆ ಒಂದು ತಾಸಿನಲ್ಲಿ ಒಣಗುವ ಪ್ಯಾಂಟು ಘಟ್ಟದ ಗಾಳಿಯಲ್ಲಿ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ತೆಳುವಾದ ಟೆರಿಕಾಟ್ ಅಥವಾ ಆಟದ ಪ್ಯಾಂಟು ಹಾಕಿ. ಬಣ್ಣ ತಿಳಿಯಾಗಿರಲಿ, ಮೈಮೇಲೆ ಹತ್ತಿದ ಉಣುಗು ಕಣ್ಣಿಗೆ ಬೀಳುತ್ತದೆ. ಹವಾಯಿ ಚಪ್ಪಲಿ ಬಿಟ್ಟು ತಳದಲ್ಲಿ ಹಲ್ಲಿರುವ ಬೂಟು, ಮೊಣಕಾಲವರೆಗೆ ಬರುವ ಕಾಲುಚೀಲ. ಚೀಲದಲ್ಲಿ ಒಂದು ಕೊಡೆ, ಒಂದು ಟಾರ್ಚು, ಹತ್ತಿ, ಸಾಬೂನು, ಒಂದು ಪೊಟ್ಟಣ ನಶ್ಯ ಅಥವಾ ಸುಣ್ಣ ಬೆರೆಸಿದ ತಂಬಾಕಿನ ಪುಡಿ, ವಾಂತಿಯ ಗುಳಿಗೆ. ಮುಂಡಗೋಡ ದಾಟಿದ ಮೇಲಿನ ತಿರುವುಗಳಿಗೆ ಬಯಲಿನ ಹೊಟ್ಟೆ ಒಗ್ಗುವುದಿಲ್ಲ. ಗುಳಿಗೆಯನ್ನು ತಿರುವು ಶುರುವಾಗುವ ಅರ್ಧ ತಾಸು ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ನುಂಗಿ ಉಪಯೋಗವಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ ಕಟ್ಟುವುದು ಸರಿ. ಆದರೆ ನಮ್ಮಲ್ಲಿ ಹದಿನೈದು ದಿನ ಗರಿಗರಿ ಇರುವ ರೊಟ್ಟಿ ಸಿರ್ಸಿಯ ತೇವಕ್ಕೆ ಮರುದಿನವೇ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಕಟ್ಟಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಊಟದ ಹೊತ್ತಿಗೆ ಮಾತ್ರ ತೆಗೆಯಿರಿ. ಶೇಂಗಾ ಹಿಂಡಿ, ಗುರೆಳ್ಳು ಪುಡಿಗೆ ಏನೂ ಆಗುವುದಿಲ್ಲ.

ಜೊತೆಗೆ 15 ಮೀಟರಿನ ಅಳತೆ ಟೇಪು. ಅದಿಲ್ಲದಿದ್ದರೆ ಒಂದು ನೂಲಿನ ಹಗ್ಗ, ಒಂದು ನೆಟ್ಟನೆ ಕೋಲು. ಯಾಕೆ ಎನ್ನುವುದು ಸವಣೂರಿನಲ್ಲಿ ಗೊತ್ತಾಗುತ್ತದೆ.

ಮೊದಲ ದಿನ: ಕೊಪ್ಪಳ, ಮಾಗಡಿ, ಸವಣೂರು, ಸಿರ್ಸಿ

ನಸುಕಿನ ಐದಕ್ಕೆ ಹೊರಟರೆ ಗದಗ ಮುಟ್ಟಲು ಒಂದು ತಾಸು ಸಾಕು, ರಸ್ತೆ ಚೆನ್ನಾಗಿದೆ. ದಾರಿಗುಂಟ ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಹಸಿರಾಗಿ ನಿಂತಿರುತ್ತದೆ. ಗದಗಿನ ಒಳಗೆ ಹೋಗದೆ ಲಕ್ಷ್ಮೇಶ್ವರದ ರಸ್ತೆ ಹಿಡಿಯಬೇಕು. ಸುಮಾರು 26 ಕಿಲೋಮೀಟರಿಗೆ ಶಿರಹಟ್ಟಿ ತಾಲೂಕಿನ ಮಾಗಡಿ.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಹಕ್ಕಿಗಳು, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಇವು ಮೇಯುವುದು ಸುತ್ತಲಿನ ಹೊಲಗಳಲ್ಲಿ, ಮುಖ್ಯವಾಗಿ ಕತ್ತಲಲ್ಲಿ ಮತ್ತು ತಂಪು ಹೊತ್ತಿನಲ್ಲಿ. ಬಿಸಿಲೇರಿದ ಮೇಲೆ ಕೆರೆಯ ನಡುವೆ ಬಂದು ಕೂರುತ್ತವೆ. ಹಾಗಾಗಿ ಆರೂವರೆಗೆ ತಲುಪಿ ನೀರು ಖಾಲಿ ಕಂಡರೆ ನಿರಾಸೆಯಿಂದ ಗಾಡಿ ಹತ್ತಬೇಡಿ. ಏಳರಿಂದ ಒಂಬತ್ತರ ಒಳಗೆ ಹಿಂಡು ಹಿಂಡಾಗಿ ಇಳಿಯುವುದನ್ನು ನೋಡಬಹುದು. ಏರಿಯ ಮೇಲೆ ಕೆಂಪು, ಹಳದಿ ಬಟ್ಟೆ ಬೀಸಾಡಿಕೊಂಡು ಓಡಾಡಿದರೆ ಹಕ್ಕಿ ಆಚೆ ದಂಡೆಗೆ ಸರಿಯುತ್ತವೆ. ದುರ್ಬೀನು ಇದ್ದರೆ ಒಂದು ಕಡೆ ಕೂತು ನೋಡಿ.

ಈ ಕೆರೆ ಇಲ್ಲಿ ಬರಲು ಇನ್ನೊಂದು ಕಾರಣವಿದೆ. 2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಾಗಗಳು ಒಟ್ಟಿಗೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಈ ಮಾಗಡಿ ಕೆರೆ, ಮತ್ತು ಅಘನಾಶಿನಿ ಸಮುದ್ರ ಸೇರುವ ಅಳಿವೆ. ನಾಳೆ ನೋಡುವ ನೀರು ಕೊನೆಗೆ ಹೋಗಿ ಸೇರುವುದು ಆ ಮೂರನೆಯದಕ್ಕೆ.

ಲಕ್ಷ್ಮೇಶ್ವರದಲ್ಲಿ ನಾಷ್ಟಾ. ನಮ್ಮ ಮಂಡಾಳ ಒಗ್ಗರಣಿ ಇಲ್ಲಿಂದಾಚೆ ಗಿರ್ಮಿಟ್ ಆಗುತ್ತದೆ, ಮಿರ್ಚಿ ಮಾತ್ರ ಎಲ್ಲ ಕಡೆ ಮಿರ್ಚಿಯೇ. ಆಮೇಲೆ ಸವಣೂರು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಇರುವ ಮೂರು ಮರಗಳು ಹುಣಸೆ ಜಾತಿಯವಲ್ಲ. ಆಫ್ರಿಕಾ ಮೂಲದ ಬಾವೊಬಾಬ್, ನಮ್ಮ ಬೂರುಗದ ನೆಂಟ. ಕಾಯಿಯ ಒಳಗಿನ ಪುಡಿಯಂಥ ತಿರುಳು ಹುಳಿ, ಅದಕ್ಕೇ ದೊಡ್ಡ ಹುಣಸೆ. ಕಾಂಡ ಇಷ್ಟು ದಪ್ಪವಾಗಲು ಕಾರಣ ಒಳಗಿನ ಮೆತ್ತನೆ ಕಟ್ಟಿಗೆ. ಮಳೆಗಾಲದ ನೀರು ಆ ಕಟ್ಟಿಗೆಯಲ್ಲಿ ತುಂಬಿಕೊಂಡಿರುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಮರ ಬೋಳಾಗಿ ನಿಲ್ಲುತ್ತದೆ. ಕಡಿದರೆ ಬಾಗಿಲು ಆಗುವುದಿಲ್ಲ, ಒಲೆಗೂ ಆಗುವುದಿಲ್ಲ. ಇಷ್ಟು ಕಾಲ ಉಳಿದದ್ದಕ್ಕೆ ಮಠದ ಭಕ್ತಿಯ ಜೊತೆಗೆ ಇದೂ ಒಂದು ಕಾರಣ ಇರಬೇಕು. ಹೂವು ಬಿಳಿ, ತಲೆಕೆಳಗಾಗಿ ಜೋತು ಬಿದ್ದು ರಾತ್ರಿ ಅರಳುತ್ತದೆ, ಪರಾಗದ ಕೆಲಸ ಬಾವಲಿಗಳದ್ದು.

ವಯಸ್ಸು ಎರಡು ಸಾವಿರ ವರ್ಷ ಎಂದು ಹೇಳುವವರು ಅಲ್ಲಿ ಸಿಗುತ್ತಾರೆ. ನಂಬುವ ಮುಂಚೆ ಒಂದು ಮಾತು: ಬಾವೊಬಾಬಿನ ವಯಸ್ಸನ್ನು ಸುತ್ತಳತೆಯಿಂದ ಹೇಳಲಾಗದು. ಹಲವು ಕಾಂಡಗಳು ಬೆಸೆದು ಒಂದಾಗುತ್ತವೆ, ಒಳಗೆ ಪೊಳ್ಳಾಗುತ್ತದೆ, ವಾರ್ಷಿಕ ಬಳೆಗಳು ಮಸುಕು. ಕಟ್ಟಿಗೆಯ ಚೂರಿನ ಇಂಗಾಲ ಪರೀಕ್ಷೆ ಒಂದೇ ದಾರಿ. 2023ರ ಜುಲೈ ಮಳೆಗೆ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಕೊಂಬೆ ಸವರಿ, ಕ್ರೇನ್ ಹಚ್ಚಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಷ್ಟು ನೀರು ಹೊತ್ತ ಮರಕ್ಕೆ ಬುಡದ ಮಣ್ಣು ಸಡಿಲವಾದರೆ ತನ್ನ ತೂಕವೇ ಶತ್ರು. ಆ ಮರದ ಬುಡದ ಹತ್ತಿರ ಹೋಗಿ ತುಳಿಯಬೇಡಿ, ದೂರದಿಂದ ನೋಡಿ.

ಇಲ್ಲಿ ಟೇಪು ಹೊರಗೆ ತೆಗೆಯಬೇಕು. ಮರದ ಸುತ್ತಳತೆ ಅಳೆಯುವುದು ಎದೆಮಟ್ಟಕ್ಕೆ, ನೆಲದಿಂದ 1.37 ಮೀಟರ್ ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ. ಟೇಪು ಎಲ್ಲ ಕಡೆ ಒಂದೇ ಮಟ್ಟದಲ್ಲಿರಬೇಕು. ಒಬ್ಬರೇ ಸುತ್ತು ಹಾಕಿದರೆ ಹಿಂದಿನ ಬದಿ ಜಾರಿ ಅಳತೆ ಹೆಚ್ಚು ಬರುತ್ತದೆ, ಮೂರು ಜನ ಹಿಡಿದರೆ ಸರಿ. ಎತ್ತರಕ್ಕೆ ಕೋಲು. ಕೈ ನೀಳವಾಗಿ ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲಿನ ಕೋಲಿನ ಉದ್ದ, ಕಣ್ಣಿನಿಂದ ಮುಷ್ಟಿಗೆ ಇರುವ ದೂರದಷ್ಟೇ ಇರಬೇಕು. ಹಾಗೇ ಹಿಂದೆ ಹಿಂದೆ ಸರಿಯುತ್ತ ಹೋಗಿ. ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಕೂಡಿದಾಗ ನಿಲ್ಲಿ. ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಸುಮಾರು ಅಷ್ಟು ಎತ್ತರ. ಸಪಾಟು ನೆಲದಲ್ಲಿ ಮಾತ್ರ ಇದು ನಡೆಯುತ್ತದೆ. ನಾಳೆ ಕತ್ತಲೆಕಾನಿನಲ್ಲಿ ಇದೇ ಕೋಲು ಹಿಡಿದರೆ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಮರದ ತುದಿಯೇ ಕಾಣುವುದಿಲ್ಲ.

ಸವಣೂರಿನಿಂದ ಬಂಕಾಪುರ ಮೇಲೆ ಮುಂಡಗೋಡ. ಬೆಳೆ ನೋಡುತ್ತ ಹೋದರೆ ಮಳೆಯ ನಕ್ಷೆ ಕಣ್ಣಿಗೆ ಬರುತ್ತದೆ: ಮೊದಲು ಹತ್ತಿ, ಗೋವಿನಜೋಳ, ಆಮೇಲೆ ಭತ್ತ, ಆಮೇಲೆ ತೇಗದ ಕಾಡು, ಕಡೆಗೆ ಅಡಿಕೆ. ಕೊಪ್ಪಳದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಸಿರ್ಸಿಯಲ್ಲಿ ಅದರ ನಾಲ್ಕು ಪಟ್ಟು. ಮುಂಡಗೋಡದ ಟಿಬೆಟನ್ ವಸಾಹತಿಗೆ 1960ರ ದಶಕದಿಂದ ಜನ ಬಂದು ನೆಲೆಸಿದ್ದಾರೆ. ಬೆಳಿಗ್ಗೆ ಕೆರೆಯಲ್ಲಿ ಕಂಡ ಹೆಬ್ಬಾತುಗಳಿಗೂ ಇವರಿಗೂ ಊರು ಒಂದೇ ದಿಕ್ಕಿನದು. ಹೊತ್ತಿದ್ದರೆ ಒಂದು ತಾಸು ನಿಲ್ಲಬಹುದು, ಇಲ್ಲದಿದ್ದರೆ ನೇರ ಸಿರ್ಸಿ. ಮುಂಡಗೋಡದಿಂದ ಸಿರ್ಸಿಗೆ ಸುಮಾರು 50 ಕಿಲೋಮೀಟರ್, ಕತ್ತಲಾಗುವ ಮುಂಚೆ ಮುಗಿಸಿ. ತಿರುವಿನಲ್ಲಿ ಹಾರ್ನ್ ಹೊಡೆಯದೆ ಬರುವ ಬೈಕುಗಳು ಸಂಜೆಗೆ ಹೆಚ್ಚು.

ಸಿರ್ಸಿಯಲ್ಲಿ ರಾತ್ರಿ ಮಾಡಬೇಕಾದ ಕೆಲಸ ನಾಲ್ಕು. ಟ್ಯಾಂಕ್ ತುಂಬಿಸುವುದು; ಮುಂದಿನ ಕಾಡುದಾರಿಯಲ್ಲಿ ಬಂಕ್ ನೆಚ್ಚಿಕೊಳ್ಳಬಾರದು. ಕೈಯಲ್ಲಿ ನಗದು ಇಟ್ಟುಕೊಳ್ಳುವುದು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಪಾವತಿ ನಡೆಯುವುದಿಲ್ಲ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವುದು. ಉಂಚಳ್ಳಿಯ ಅರಣ್ಯ ಇಲಾಖೆ ಕೌಂಟರ್ ಎಷ್ಟಕ್ಕೆ ತೆಗೆಯುತ್ತದೆ, ಕತ್ತಲೆಕಾನಿನ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಲಾಡ್ಜಿನವರ ಮೂಲಕ ಕೇಳಿಸಿಕೊಳ್ಳುವುದು. ಊಟಕ್ಕೆ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ಖಾರ ಸಾಲುವುದಿಲ್ಲ ಅನಿಸಿದರೆ ನಿಮ್ಮ ಹಿಂಡಿ ಡಬ್ಬಿ ಇದ್ದೇ ಇದೆ.

ಎರಡನೇ ದಿನ: ಬೆಳಿಗ್ಗೆ ನೀರು

ಏಳಕ್ಕೆ ಬಿಡಬೇಕು. ಸಿರ್ಸಿಯಿಂದ ಕುಮಟಾ ರಸ್ತೆಯಲ್ಲಿ 14 ಕಿಲೋಮೀಟರ್ ಹೋದರೆ ಅಮ್ಮಿನಳ್ಳಿ, ಅಲ್ಲಿ ಎಡಕ್ಕೆ. ಅಲ್ಲಿಂದ ಹೆಗ್ಗರಣೆ ಸುಮಾರು 19 ಕಿಲೋಮೀಟರ್. ದೂರ ಕಡಿಮೆ ಕಂಡರೂ ಮುಕ್ಕಾಲು ತಾಸು ಇಟ್ಟುಕೊಳ್ಳಿ: ರಸ್ತೆ ಒಂದೇ ಗಾಡಿಯ ಅಗಲ, ಎದುರಿಗೆ ಅಡಿಕೆ ಲಾರಿ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಬಯಲಿನ ಡ್ರೈವರ್‌ಗಳಿಗೆ ಎರಡು ಮಾತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು, ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದರಲ್ಲೇ ಇಳಿಯಬೇಕು. ಬ್ರೇಕ್ ಒಂದನ್ನೇ ನೆಚ್ಚಿ ಇಳಿದರೆ ಕಾದು ಹಿಡಿತ ತಪ್ಪುತ್ತದೆ. ಎರಡನೆಯದು, ಗಾಜಿಗೆ ಒಳಗಿನಿಂದ ಮಂಜು ಕಟ್ಟಿದರೆ ಬಟ್ಟೆಯಿಂದ ಒರೆಸುತ್ತ ಕೂರಬೇಡಿ, ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ.

ಹೆಗ್ಗರಣೆಯಿಂದ ಜಲಪಾತದ ನಿಲುಗಡೆಗೆ ಐದು ಕಿಲೋಮೀಟರ್. ಗಾಡಿ ನಿಲ್ಲಿಸಿದ ಮೇಲೆ ಮೆಟ್ಟಿಲಿಳಿದು ವೀಕ್ಷಣಾ ಕಟ್ಟೆಗಳಿಗೆ ಹೋಗಬೇಕು. ಇಳಿಯುವಾಗ ಸಲೀಸು, ಹತ್ತುವಾಗ ಮೊಣಕಾಲು ಮಾತಾಡುತ್ತದೆ. ವಯಸ್ಸಾದವರು ಮೇಲಿನ ಕಟ್ಟೆಯಿಂದಲೇ ನೋಡಬಹುದು, ನೋಟಕ್ಕೆ ಅಂಥ ಕೊರತೆ ಇಲ್ಲ. ಕಣಿವೆಯಲ್ಲಿ ಮುಂಜಾನೆಯ ಮಂಜು ಇದ್ದರೆ ಕಾಯಿರಿ. ಬಿಸಿಲು ಬಿದ್ದಂತೆ ಅದು ಹರಿದು ಹೋಗುತ್ತದೆ. ಕಾಯದೆ ತಿರುಗಿ ಬಂದವರು ಆಮೇಲೆ ಫೋಟೋ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ.

ಮುನಿರಾಬಾದಿನ ಡ್ಯಾಮಿನ ಎತ್ತರ ಸುಮಾರು 49 ಮೀಟರ್. ಉಂಚಳ್ಳಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಮೇಲಿನ ಅಂಚಿನಿಂದ ಹೊರಟ ಒಂದು ಗುಚ್ಛ ನೀರನ್ನು ಕಣ್ಣಿನಲ್ಲಿ ಹಿಡಿದು ಸೆಕೆಂಡು ಎಣಿಸಿ. ತಡೆಯೇ ಇಲ್ಲದೆ ಬಿದ್ದರೆ 116 ಮೀಟರಿಗೆ ಐದು ಸೆಕೆಂಡು ಸಾಕು. ಇಲ್ಲಿ ನೀರು ಬಂಡೆಗೆ ತಾಗಿ, ಗಾಳಿಗೆ ಒಡೆದು ಬರುವುದರಿಂದ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗೆ ಒಡೆದ ಹನಿಯೇ ಎದುರಿನ ಕಟ್ಟೆಯವರೆಗೆ ಹಾರಿ ಬಂದು ಕ್ಯಾಮೆರಾದ ಗಾಜು ಮಸುಕಾಗಿಸುವುದು. ಬಿಸಿಲು ಬೆನ್ನಿಗಿದ್ದಾಗ ಅದರಲ್ಲೇ ಕಾಮನಬಿಲ್ಲು ಮೂಡುತ್ತದೆ.

1845ರಲ್ಲಿ ಜೆ.ಡಿ. ಲುಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಇದನ್ನು ಕಂಡುಹಿಡಿದ ಎಂದು ಬರೆಯುತ್ತಾರೆ, ಲುಷಿಂಗ್ಟನ್ ಜಲಪಾತ ಎಂಬ ಹೆಸರೂ ಇದೆ. ಹೆಗ್ಗರಣೆಯ ತೋಟದವರು ಅದಕ್ಕೂ ಮೊದಲು ಈ ಸದ್ದು ಕೇಳಿರಲಿಲ್ಲ ಎಂದು ನಂಬುವುದು ಕಷ್ಟ.

ಕಟಾಂಜನ ದಾಟಿ ಬುಡಕ್ಕೆ ಇಳಿಯುವ ಆಸೆ ಹುಡುಗರಿಗೆ ಬಂದೇ ಬರುತ್ತದೆ. ಇಳಿಯಬಾರದು ಎನ್ನಲು ಪಾಚಿ ಕಟ್ಟಿದ ಬಂಡೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕಡೆಯವರ ತಲೆಗೆ ತಟ್ಟನೆ ಹೊಳೆಯುವುದಿಲ್ಲ. ತುಂಗಭದ್ರೆಯಲ್ಲಿ ಗೇಟು ಎತ್ತುವ ಮುಂಚೆ ಸೈರನ್ ಆಗುತ್ತದೆ, ನದಿ ಪಾತ್ರಕ್ಕೆ ಇಳಿಯಬೇಡಿ ಎಂದು ಡಂಗುರ ಸಾರುತ್ತಾರೆ. ಅಘನಾಶಿನಿಯಲ್ಲಿ ಡ್ಯಾಮಿಲ್ಲ, ಹಾಗಾಗಿ ಸೈರನ್ನೂ ಇಲ್ಲ. ಮೇಲೆ ಸಿರ್ಸಿ ಕಡೆ ಒಂದು ಜೋರು ಮಳೆ ಬಿದ್ದರೆ ಇಲ್ಲಿ ಬಿಸಿಲಿರುವಾಗಲೇ ನೀರು ಏರಿ ಬರುತ್ತದೆ. ನೀರಿನ ಬಣ್ಣ ಕೆಂಪಗಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ ಹೊಳೆಯ ಹತ್ತಿರ ಎಲ್ಲಿದ್ದರೂ ಎದ್ದು ಮೇಲೆ ಬನ್ನಿ.

ಬುತ್ತಿಯನ್ನು ಕಟ್ಟೆಯ ಮೇಲೆ ಬಿಚ್ಚಬೇಡಿ. ಇಲ್ಲಿನ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದರು, 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಕರಿ ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಕುಚ್ಚು ಇರುವ ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ. ಅದು ಮರದ ನೆತ್ತಿಯಲ್ಲೇ ಬಾಳುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಒಂದು ಮರದಿಂದ ಇನ್ನೊಂದಕ್ಕೆ ಕೊಂಬೆ ತಾಗಿಕೊಂಡಿರಬೇಕು, ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗಬೇಕು. ಉಪ್ಪಾಗೆ, ಕಾಡುಹಲಸು, ಅತ್ತಿ ಜಾತಿಯ ಹಣ್ಣು ಅದರ ಊಟ. ಕಂಡರೆ ಅದೃಷ್ಟ, ಕಾಣದಿದ್ದರೆ ತಲೆ ಎತ್ತಿ ಅಲ್ಲಾಡುವ ಕೊಂಬೆ ನೋಡಿ. ಚಪಾತಿ ಚೂರು ಎಸೆದು ಕರೆಯುವುದು ಅದನ್ನು ರಸ್ತೆಗೆ ಇಳಿಸಿ ಗಾಡಿಯ ಚಕ್ರಕ್ಕೆ ಕೊಟ್ಟಂತೆ.

ಎರಡನೇ ದಿನ: ಮಧ್ಯಾಹ್ನ ಮರ

ಹನ್ನೊಂದರ ಹೊತ್ತಿಗೆ ಹೊರಟು ಸಿದ್ದಾಪುರ, ಸುಮಾರು 35 ಕಿಲೋಮೀಟರ್. ಅಲ್ಲಿ ಊಟ. ಮುಂದೆ ಮಾವಿನಗುಂಡಿ ದಾಟಿ ಹೊನ್ನಾವರದ ಕಡೆಗೆ ಗೇರುಸೊಪ್ಪ ಘಟ್ಟ ಇಳಿಯುವ ಹೆದ್ದಾರಿಯಲ್ಲಿ ಕತ್ತಲೆಕಾನು. ಮೂರು ಗಂಟೆಯೊಳಗೆ ಅಲ್ಲಿರಬೇಕು. ಹೊರಗೆ ಐದರವರೆಗೆ ಬಿಸಿಲಿದ್ದರೂ ಮರದ ಕೆಳಗೆ ನಾಲ್ಕಕ್ಕೇ ಸಂಜೆಯಾಗುತ್ತದೆ. ದಟ್ಟ ನಿತ್ಯಹರಿದ್ವರ್ಣ ಕಾಡಿನಲ್ಲಿ ನೆತ್ತಿಗೆ ಬಿದ್ದ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಫೋನಿನ ಫೋಟೋ ಅಲುಗಿ ಬರಲು ಅದೇ ಕಾರಣ. ಕೈಯನ್ನು ಮರಕ್ಕೋ ಗಾಡಿಗೋ ಆನಿಸಿ ತೆಗೆಯಿರಿ.

ಗಾಡಿಯನ್ನು ತಿರುವಿನಲ್ಲಿ ನಿಲ್ಲಿಸಬೇಡಿ, ಹೆದ್ದಾರಿಯ ಲಾರಿಗಳಿಗೆ ಕಾಣುವ ನೇರ ಜಾಗ ನೋಡಿ. ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬಾರದು. ಅನುಮತಿ ಸಿಗದಿದ್ದರೂ ಪ್ರವಾಸ ಕೆಡುವುದಿಲ್ಲ, ರಸ್ತೆಯ ಅಂಚಿನಿಂದಲೇ ಬೇಕಾದಷ್ಟು ಕಾಣುತ್ತದೆ.

ಮೊದಲು ಕಾಂಡ ನೋಡಿ. ನಮ್ಮ ಬೇವು, ಜಾಲಿಯ ತೊಗಟೆ ದಪ್ಪ, ಬಿರುಕು ಬಿಟ್ಟದ್ದು. ಒಣ ಗಾಳಿ, ಬೆಂಕಿಯಿಂದ ಅದಕ್ಕೆ ಅದೇ ಕಾಪು. ಇಲ್ಲಿಯ ತೊಗಟೆ ತೆಳು, ನುಣುಪು. ಕಾಂಡ ಕೊಂಬೆಯೇ ಇಲ್ಲದೆ ನೆಟ್ಟಗೆ ಏರಿ ಎಲ್ಲೋ ಮೇಲೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಕೆಳಗೆ ಕೊಂಬೆ ಇಟ್ಟು ಪ್ರಯೋಜನವಿಲ್ಲ, ಬೆಳಕಿಲ್ಲ. ರಾಳ ಸುರಿಸುವ ಡಿಪ್ಟೆರೋಕಾರ್ಪಸ್ ಇಂಡಿಕಸ್ ಈ ಕಾಡಿನ ಎತ್ತರದವರಲ್ಲಿ ಒಬ್ಬ. ದೊಡ್ಡ ಮರಗಳ ಬುಡದಿಂದ ಹಲಗೆಯಂಥ ಆನಿಕೆ ಬೇರುಗಳು ಹೊರಟಿರುತ್ತವೆ. ಬೇರು ಆಳಕ್ಕೆ ಹೋಗದೆ ಮೇಲ್ಮಣ್ಣಿನಲ್ಲೇ ಹರಡುವುದರಿಂದ ಇಷ್ಟು ಎತ್ತರದ ಮರಕ್ಕೆ ಬದಿಯ ಆಸರೆ ಬೇಕು. ಇಂಥ ಮರದ ಸುತ್ತಳತೆಯನ್ನು ಎದೆಮಟ್ಟಕ್ಕೆ ತೆಗೆದರೆ ಸುಳ್ಳು ಲೆಕ್ಕ. ಹಲಗೆ ಮುಗಿದು ಕಾಂಡ ದುಂಡಗಾಗುವ ಜಾಗದ ಮೇಲೆ ಟೇಪು ಸುತ್ತಬೇಕು. ಅದು ಕೈಗೆ ಎಟುಕದಿದ್ದರೆ ಬಿಟ್ಟುಬಿಡಿ.

ಕತ್ತಲೆಕಾನಿನ ನಿಜವಾದ ಸಂಪತ್ತು ತಗ್ಗಿನಲ್ಲಿದೆ: ರಾಂಪತ್ರೆ ಜಡ್ಡಿ. ಎರಡು ಗುಡ್ಡದ ನಡುವೆ ಹಳ್ಳ ನಿಧಾನವಾಗಿ ಹರಡಿ ಹರಿಯುವ ಕಡೆ ಜಾಯಿಕಾಯಿ ಕುಟುಂಬದ ಮರಗಳು ನೀರಿನಲ್ಲೇ ಬೇರೂರಿ ನಿಂತಿವೆ. ಹೂ ಬಿಡುವ ಗಿಡಗಳಲ್ಲಿ ಬಹಳ ಹಳೆಯ ಮನೆತನ ಇದು. ನೀರು ನಿಂತ ಕೆಸರಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಅದಕ್ಕೆ ಜಿಮ್ನಾಕ್ರಾಂತೆರಾ ಕನಾರಿಕಾ ಎಂಬ ಮರ ಬೇರನ್ನು ಕೆಸರಿನಿಂದ ಮೇಲೆತ್ತಿ, ಮಡಚಿದ ಮೊಣಕಾಲಿನ ಹಾಗೆ ಬಾಗಿಸಿ, ಮತ್ತೆ ಕೆಳಗೆ ಇಳಿಸುತ್ತದೆ. ಆ ಗಂಟುಗಳಿಂದಲೇ ಗಾಳಿ ಒಳಗೆ ಹೋಗುತ್ತದೆ. ಒಂದಡಿಗಿಂತ ಉದ್ದ ಎಲೆಯ ಇನ್ನೊಂದು ಮರ ಕಾಂಡದ ಬದಿಯಿಂದ ಊರುಗೋಲು ಬೇರು ಇಳಿಬಿಡುತ್ತದೆ. ಒಳಗೆ ಬಿಟ್ಟರೂ ಈ ಬೇರುಗಳ ಮೇಲೆ ಕಾಲಿಡಬಾರದು ಎನ್ನುವುದು ಇದಕ್ಕೇ. ಕಟ್ಟಿಗೆ ಅಂದುಕೊಂಡು ತುಳಿದದ್ದು ಮರದ ಮೂಗು.

ಕಾಯಿ ಒಡೆದಾಗ ಬೀಜದ ಸುತ್ತ ಕೆಂಪು ಪತ್ರೆ ಕಾಣುತ್ತದೆ, ಮಂಗಟ್ಟೆ ಹಕ್ಕಿಗಳು ಅದಕ್ಕಾಗಿ ಬಂದು ನುಂಗಿ ಬೀಜವನ್ನು ದೂರ ಒಯ್ದು ಬಿಡುತ್ತವೆ. ಒಂದು ಬೀಜ ಕಿಸೆಗೆ ಹಾಕಿಕೊಂಡು ಕೊಪ್ಪಳದ ಹಿತ್ತಲಲ್ಲಿ ನೆಡೋಣ ಅನ್ನುವವರಿಗೆ ಹೇಳಬೇಕು: ಈ ಬೀಜ ಜೋಳದ ಹಾಗೆ ಒಣಗಿಸಿಟ್ಟರೆ ಸಾಯುತ್ತದೆ. ತೇವ ಆರಿದರೆ ಕೆಲವೇ ದಿನದಲ್ಲಿ ಮೊಳಕೆಯ ಶಕ್ತಿ ಹೋಗುತ್ತದೆ. ಅಲ್ಲೇ ಬಿಡಿ.

ಇದೇ ಜಡ್ಡಿಯಲ್ಲಿ 2000ರಲ್ಲಿ ಗೇರಿನ ಕುಟುಂಬದ ಒಂದು ಹೊಸ ಮರ ವಿಜ್ಞಾನದ ಪಟ್ಟಿಗೆ ಸೇರಿತು. ಹೆಸರೇ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೆದ್ದಾರಿ ಪಕ್ಕದ ಕಾಡಿನಲ್ಲಿ, ಇಷ್ಟು ದೊಡ್ಡ ಮರ, ಅಲ್ಲಿಯವರೆಗೆ ಲೆಕ್ಕದಲ್ಲೇ ಇರಲಿಲ್ಲ. ಕಾಡುಗೇರಿನ ಜಾತಿಯ ಮರಗಳ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗುರುತಿಲ್ಲದ ಮರದ ತೊಗಟೆ ಕೆತ್ತುವುದು, ಎಲೆ ಕಿತ್ತು ಹಿಸುಕುವುದು ಬೇಡ.

ಈಗ ಬೆಳಗಿನ ನೀರಿನ ಪ್ರಶ್ನೆ. ಕಾಲಡಿಯ ತರಗು ಒಂದಿಷ್ಟು ಸರಿಸಿ ನೋಡಿದರೆ ಕೆಳಗಿನ ಮಣ್ಣು ಕರಿ, ಸಡಿಲು, ನವೆಂಬರಿನಲ್ಲೂ ಒದ್ದೆ. ಮಳೆ ನೇರ ನೆಲಕ್ಕೆ ಬೀಳದೆ ಮೂರು ನಾಲ್ಕು ಅಂತಸ್ತಿನ ಎಲೆ ದಾಟಿ ಬರುತ್ತದೆ, ತರಗಿನಲ್ಲಿ ನಿಲ್ಲುತ್ತದೆ, ಬೇರಿನ ಸಂದಿನಲ್ಲಿ ಇಳಿಯುತ್ತದೆ. ಹೀಗೆ ಇಳಿದದ್ದು ತಿಂಗಳುಗಟ್ಟಲೆ ಹಳ್ಳಕ್ಕೆ ಜಿನುಗುತ್ತದೆ. ಅದೇ ಗುಡ್ಡ ಬೋಳಾದರೆ, ಇಲ್ಲವೇ ಬರೀ ಅಕೇಶಿಯಾ ನೆಟ್ಟರೆ, ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಒಣ ಹಳ್ಳ. ಸವಣೂರಿನ ಮರ ನೀರನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಇಲ್ಲಿಯ ಮರಗಳು ನೆಲದಲ್ಲಿ ಇಡುತ್ತವೆ. ಅಘನಾಶಿನಿ ಕಣಿವೆಯ ಇಂಥ ಕಾಡುಗಳೇ ಉಂಚಳ್ಳಿಗೆ ಡ್ಯಾಮು.

ಉಂಬಳ ನವೆಂಬರಿನಲ್ಲಿ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಕೆರೆಯ ಜಿಗಣಿಯ ನೆಲದ ತಮ್ಮ. ಕಾಲುಚೀಲದ ಮೇಲೆ ನಶ್ಯ ಉದುರಿಸಿದರೆ ಹತ್ತುವುದಿಲ್ಲ. ಕಚ್ಚಿದ್ದನ್ನು ಜಗ್ಗಿ ಕೀಳಬಾರದು, ಕಚ್ಚಿಕೊಂಡಿರುವಾಗ ಉಪ್ಪು ಸುರಿಯಲೂಬಾರದು. ಉಪ್ಪಿಗೆ ಅದು ಕುಡಿದದ್ದನ್ನು ಗಾಯದೊಳಗೇ ಕಕ್ಕುತ್ತದೆ. ಬಾಯಿಯ ಬದಿಗೆ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಟ್ಟಿರುವುದರಿಂದ ಗಾಯ ಒಂದೆರಡು ತಾಸು ಜಿನುಗಬಹುದು. ಸಾಬೂನಿನಿಂದ ತೊಳೆದು ಹತ್ತಿ ಒತ್ತಿ ಕಟ್ಟಿ, ವಿಷವೇನೂ ಇಲ್ಲ.

ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ವೈರಸ್ ಹರಡುವುದು ಕಾಡಿನ ಉಣುಗಿನಿಂದ, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ತರಗಿನ ಮೇಲೆ ಕೂರಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ.

ಕತ್ತಲಾಗುವ ಮುಂಚೆ ಜೋಗಕ್ಕೆ ಒಂದು ಸುತ್ತು ಹಾಕಬಹುದು, ಇಲ್ಲಿಂದ ದೂರವಿಲ್ಲ. 253 ಮೀಟರ್ ಎತ್ತರ, ಉಂಚಳ್ಳಿಯ ಎರಡು ಪಟ್ಟು. ಆದರೆ ಶರಾವತಿಗೆ 1964ರಿಂದ ಲಿಂಗನಮಕ್ಕಿಯ ತಡೆ ಇದೆ, ನವೆಂಬರಿನಲ್ಲಿ ಬಂಡೆಯ ಮೇಲೆ ನಾಲ್ಕು ಗೆರೆ ನೀರು. ಇದು ನಮಗೆ ಗೊತ್ತಿರುವ ಲೆಕ್ಕವೇ. ರಾತ್ರಿ ಸಿದ್ದಾಪುರ ಅಥವಾ ಸಿರ್ಸಿ. ಮಲಗುವ ಮುಂಚೆ ಬಿಸಿನೀರು, ಸಾಬೂನಿನ ಸ್ನಾನ, ಕಂಕುಳು, ಮೊಣಕಾಲಿನ ಹಿಂದೆ, ಮಕ್ಕಳ ಕೂದಲ ಸಂದಿ ನೋಡುವುದು. ಹಾಕಿದ್ದ ಬಟ್ಟೆ ಬೇರೆ ಚೀಲದಲ್ಲಿ ಕಟ್ಟಿಡಿ.

ಮೂರನೇ ದಿನ: ವಾಪಸ್

ಬೆಳಿಗ್ಗೆ ಸಿರ್ಸಿಯ ಪೇಟೆಯಲ್ಲಿ ಒಂದು ತಾಸು. ಕಾಳುಮೆಣಸು, ಕೋಕಂ ಸಿಪ್ಪೆ, ಜೋನಿಬೆಲ್ಲ, ತೊಡದೇವು. ತೊಡದೇವನ್ನು ಗಾಡಿಯ ಹಿಂದೆ ಚೀಲಗಳ ಕೆಳಗೆ ಇಟ್ಟರೆ ಮನೆ ಮುಟ್ಟುವಾಗ ಪುಡಿ, ಮಡಿಲಲ್ಲಿ ಇಟ್ಟುಕೊಳ್ಳಿ. ಜೋನಿಬೆಲ್ಲದ ಡಬ್ಬಿಯನ್ನು ನಿಲ್ಲಿಸಿಯೇ ಇಡಬೇಕು, ಘಟ್ಟದ ತಿರುವಿಗೆ ಮುಚ್ಚಳ ಸೋರುತ್ತದೆ.

ಬಂದ ದಾರಿಯಲ್ಲೇ ಹೋಗಬೇಕಾಗಿಲ್ಲ. ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಅಲ್ಲಿಂದ ಗದಗ, ಕೊಪ್ಪಳ. ಹತ್ತಕ್ಕೆ ಬಿಟ್ಟರೆ ಹುಬ್ಬಳ್ಳಿಯಲ್ಲಿ ಊಟ ಮುಗಿಸಿ, ಹೊತ್ತು ಮುಳುಗುವ ಮುಂಚೆ ಮನೆ.

ಬಂದ ಮೇಲೆ ಎರಡು ಕೆಲಸ. ಕಟ್ಟಿಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ನಮ್ಮ ಬಿಸಿಲಿಗೆ ಹಾಕುವುದು. ಎರಡನೆಯದು, ಹತ್ತು ದಿನ ಮೈಮೇಲೆ ಗಮನ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವಿನಿಂದ ಶುರುವಾಗುತ್ತದೆ. ಕೊಪ್ಪಳದ ದವಾಖಾನೆಯಲ್ಲಿ ಜ್ವರ ಅಂದರೆ ಮೊದಲು ಡೆಂಗಿ, ಟೈಫಾಯ್ಡ್ ಕಡೆ ನೋಡುತ್ತಾರೆ, ಅದು ಸಹಜ. ಹಾಗಾಗಿ ಜ್ವರ ಬಂದರೆ ಡಾಕ್ಟರರ ಮುಂದೆ ಮೊದಲು ಹೇಳಬೇಕಾದ ಮಾತು: "ಸಿದ್ದಾಪುರ ಕಡೆ ಕಾಡಿಗೆ ಹೋಗಿದ್ವಿರಿ, ಇಂಥ ತಾರೀಖಿಗೆ."